ಅಮೃತಮ್ಮಣ್ಣಿ ಕೂತ ಕಲ್ಲು

ನಮ್ಮ ಮನೆತನದ ವಿಷಯವನ್ನು ಮೊದಲು ಹೇಳಬೇಕು. ಅದನ್ನು ಬಿಟ್ಟರೆ ಈ ಕಥೆ ನಿಲ್ಲುವುದಿಲ್ಲ.

ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳನ್ನು ಕಟ್ಟಿಸಿದವರು ನಮ್ಮವರು. ದಡದ ಮಂಟಪ ಕಟ್ಟಿಸಿದವರೂ ನಮ್ಮವರೇ. ಪ್ಲೇಗು ಬಂದ ವರ್ಷ ಊರಿಗೆಲ್ಲ ಕಣಜ ತೆರೆದುಕೊಟ್ಟವರು ನನ್ನ ತಾತನ ತಂದೆ. ನಮ್ಮ ಮನೆಯವರು ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಂಡರು ಎಂದು ಹೇಳುವವರು ಆ ಸೀಮೆಯಲ್ಲಿ ಇಂದಿಗೂ ಸಿಗುವುದಿಲ್ಲ.

ಜನ ಅದನ್ನು ಮರೆಯಲಿಲ್ಲ. ನಮ್ಮ ಮನೆಯ ಮುಂದೆ ಹಾದುಹೋಗುವಾಗ ಮಳೆಯಿದ್ದರೂ ಕೊಡೆ ಮಡಿಸುತ್ತಿದ್ದರು. ಮನೆಯವರು ಎದುರಾದರೆ ಎದ್ದು ನಿಂತು ತಲೆ ತಗ್ಗಿಸುತ್ತಿದ್ದರು. ಹಾಗೆ ಮಾಡಿ ಎಂದು ನಾವು ಯಾರನ್ನೂ ಕೇಳಿದವರಲ್ಲ.

ನನ್ನ ತಾತನ ಅಕ್ಕ ಅಮೃತಮ್ಮಣ್ಣಿಯವರು ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಹೊಳೆಯ ಕಡೆಗಿದ್ದ ಮಹಡಿಯ ಕೋಣೆ ಅವರದು. ಅವರ ಬೆಳ್ಳಿ ಲೋಟವನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಊಟಕ್ಕೆ ಬಡಿಸುವವರು ಅವರ ಎಲೆಯನ್ನು ಮಾತ್ರ ನೋಡಿ ಬಡಿಸುತ್ತಿದ್ದರು. ಹಬ್ಬದ ದಿನ ಮನೆಯ ಮಕ್ಕಳು ಸಾಲಾಗಿ ಬಂದು ನಮಸ್ಕಾರ ಮಾಡಿ ಹಾಗೆಯೇ ಹಿಂದೆ ಸರಿಯುತ್ತಿದ್ದರು. ಆ ಮಕ್ಕಳಿಗೆಲ್ಲ ಅವರ ಪಾದಗಳು ಚೆನ್ನಾಗಿ ಗೊತ್ತಿದ್ದವು.

ಅವರಿಗೆ ಯಾವ ಕೊರತೆಯೂ ಆಗದಂತೆ ನಮ್ಮವರು ನೋಡಿಕೊಂಡರು.

ಈ ಕಥೆಯನ್ನು ಊರಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಹೇಳುತ್ತಾರೆ. ನಾನು ಸರಿಯಾಗಿ ಹೇಳುತ್ತೇನೆ.

ಹೊಳೆಯ ದಡದಲ್ಲಿ, ನಮ್ಮ ಮಂಟಪದ ಪಕ್ಕದಲ್ಲಿ, ಶಿಲ್ಪಿಗಳ ಚಪ್ಪರವಿತ್ತು. ನಂಜುಂಡಾಚಾರ್ಯರು ಅಲ್ಲಿಯ ಗುರು.

ಕಂಬ, ಹೂವು, ಬಳ್ಳಿ ಕೆತ್ತುವವರು ಬೇರೆ ಕಡೆ ಇದ್ದರು. ಇವರು ಆಕೃತಿಯನ್ನು ಮಾತ್ರ ಮಾಡುತ್ತಿದ್ದರು. ದೇವರು, ದ್ವಾರಪಾಲಕರು, ಮನುಷ್ಯರು.

ಅಮಾವಾಸ್ಯೆಯ ದಿನ ಅವರು ಕಲ್ಲು ಮುಟ್ಟುತ್ತಿರಲಿಲ್ಲ. ಆ ದಿನ ಹೊಳೆಯ ಜೇಡಿಮಣ್ಣನ್ನು ಹದ ಮಾಡಿ ಹಲಗೆಗಳ ಮೇಲೆ ಇಡುತ್ತಿದ್ದರು. ಊರಿನವರು ಯಾರಾದರೂ ಬಂದು ನಡುವಿನ ಚಪ್ಪಟೆ ಕಲ್ಲಿನ ಮೇಲೆ ಕೂರುತ್ತಿದ್ದರು. ಸುತ್ತ ಕೂತ ಶಿಲ್ಪಿಗಳೆಲ್ಲ ಆ ಒಂದೇ ಮುಖವನ್ನು ಮಣ್ಣಿನಲ್ಲಿ ಮಾಡುತ್ತಿದ್ದರು.

ಸಂಜೆ ಹಲಗೆಗಳನ್ನು ಕೂತವರ ಕಡೆಗೆ ತಿರುಗಿಸುತ್ತಿದ್ದರು. ಕೂತವರು ಎದ್ದು, ಕೈ ಒದ್ದೆ ಮಾಡಿಕೊಂಡು, ಒಂದು ಮುಖದ ಗಲ್ಲ ಮುಟ್ಟಿ, "ಇದು ನಾನು" ಎನ್ನಬೇಕು. ಅದನ್ನು ಸುಟ್ಟು ಅವರಿಗೇ ಕೊಡುತ್ತಿದ್ದರು. ಉಳಿದವು ಮತ್ತೆ ಮಣ್ಣಿನ ಗುಡ್ಡೆಗೆ ಹೋಗುತ್ತಿದ್ದವು.

ಕೂತವರು ಆರಿಸಿದ್ದಕ್ಕೆ ಎದುರು ಮಾತಾಡುವಂತಿರಲಿಲ್ಲ. ಅದು ಅವರ ಪದ್ಧತಿ.

ಲಿಂಗಾಚಾರಿ ನಂಜುಂಡಾಚಾರ್ಯರ ಹಿರಿಯ ಶಿಷ್ಯ. ಕೈ ಬಹಳ ಚೊಕ್ಕ. ಅಳತೆ ತಪ್ಪಿದ್ದಿಲ್ಲ, ಉಳಿ ಜಾರಿದ್ದಿಲ್ಲ. ಅವನು ಮಾಡಿದ ಮುಖಗಳನ್ನು ಜನ ಎಷ್ಟೋ ಸಲ ಮುಟ್ಟಿದ್ದರು.

ಆ ದಿನಗಳಲ್ಲಿ ಚಪ್ಪರದೊಳಗೆ ಅಮ್ಮನವರ ವಿಗ್ರಹ ನಿಂತಿತ್ತು. ಎಲ್ಲವೂ ಮುಗಿದಿತ್ತು. ಕಣ್ಣು ಮಾತ್ರ ಉಳಿದಿತ್ತು.

ಕಣ್ಣು ತೆರೆಸುವ ಉಳಿ ಬೇರೆ. ಅದು ಕೆಂಪು ಬಟ್ಟೆಯಲ್ಲಿ ಸುತ್ತಿ ಆಚಾರ್ಯರ ಬಳಿ ಇರುತ್ತಿತ್ತು. ಗುರು ಅದನ್ನು ಕೊಟ್ಟರೆ ಶಿಷ್ಯ ಶಿಲ್ಪಿಯಾದ. ಕೊಡುವವರೆಗೆ ಅವನು ಕೆಲಸದವನು.

ಲಿಂಗಾಚಾರಿ ಒಂದು ಬೆಳಿಗ್ಗೆ ಬಂದು ಗುರುವಿನ ಮುಂದೆ ನಿಂತ.

"ಗುರುಗಳೇ, ಪ್ರತಿಷ್ಠೆಯ ದಿನ ಹತ್ತಿರ ಬಂತು."

"ಬಂತು."

"ನಿಮ್ಮ ಕೈ..."

"ನಡುಗುತ್ತೆ. ನನಗೂ ಕಾಣುತ್ತೆ ಕಣಯ್ಯ."

"ಉಳಿ ನನಗೆ ಕೊಡಿ. ಕಣ್ಣು ತೆರೆಸ್ತೀನಿ."

ಆಚಾರ್ಯರು ವಿಗ್ರಹದ ಕಡೆ ನೋಡಿದರು. ಆಮೇಲೆ ಶಿಷ್ಯನ ಕಡೆ ನೋಡಿದರು.

"ಅಮಾವಾಸ್ಯೆ ಬರಲಿ. ಅವತ್ತು ಕೂತವರು ನೀನು ಮಾಡಿದ್ದನ್ನ ಮುಟ್ಟಿದರೆ ಉಳಿ ನಿನ್ನದು."

"ಅಷ್ಟೇನಾ?"

"ಅಷ್ಟೇ."

ಪುಟ್ಟಾಚಾರಿ ಆಚೆ ಕಡೆ ಕಲ್ಲು ಉಜ್ಜುತ್ತಿದ್ದ. ವಯಸ್ಸಿನಲ್ಲಿ ಲಿಂಗಾಚಾರಿಗಿಂತ ದೊಡ್ಡವನು, ಬಾಯಿ ಸುಮ್ಮನಿರದವನು.

"ಲಿಂಗ, ಈಗಲೇ ಹಿಗ್ಗಬೇಡ," ಎಂದ. "ಈ ಸಲ ಕೂರೋನು ದೋಣಿ ಕೆಂಚ. ಅವನ ಮೂಗಿಗೇ ಒಂದು ಬುಟ್ಟಿ ಮಣ್ಣು ಬೇಕು."

ಅಮಾವಾಸ್ಯೆ ಬಂತು. ದೋಣಿ ಕೆಂಚನಿಗೆ ಜ್ವರ ಬಂತು.

ಮಣ್ಣು ಹದವಾಗಿತ್ತು. ಹಲಗೆಗಳು ಸಿದ್ಧವಾಗಿದ್ದವು. ಲಿಂಗಾಚಾರಿ, ಪುಟ್ಟಾಚಾರಿ, ಹೊರ ಊರಿನಿಂದ ಬಂದು ಸೇರಿದ್ದ ದಾಸಪ್ಪ, ಮೂವರೂ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದರು. ಕೈ ನಡುಗುವುದಕ್ಕೆ ಶುರುವಾದ ಮೇಲೆ ಆಚಾರ್ಯರು ಮಣ್ಣು ಮುಟ್ಟುತ್ತಿರಲಿಲ್ಲ. ಕಂಬಕ್ಕೆ ಒರಗಿ ನೋಡುತ್ತಿದ್ದರು.

ನಡುವಿನ ಕಲ್ಲು ಖಾಲಿಯಿತ್ತು.

"ಇವತ್ತು ಕೆಲಸ ಕೆಟ್ಟಿತು," ಎಂದ ದಾಸಪ್ಪ.

"ಯಾಕೆ ಕೆಡುತ್ತೆ?" ಎಂದ ಪುಟ್ಟಾಚಾರಿ. "ನಾನೇ ಕೂರ್ತೀನಿ. ಇಂಥ ಮುಖ ನಿಮಗೆಲ್ಲಿ ಸಿಗುತ್ತೆ?"

"ನಿನ್ನ ಮುಖ ಮಾಡೋಕೆ ಕೂತವರು ಬೇಕೇನೋ? ಕತ್ತಲಲ್ಲಿ ಮಣ್ಣು ಎಸೆದರೂ ಸಾಕು, ಅದೇ ಆಗುತ್ತೆ," ಎಂದ ದಾಸಪ್ಪ.

ನಗು ನಿಲ್ಲುವ ಮೊದಲೇ ಮೆಟ್ಟಿಲ ಮೇಲೆ ಯಾರೋ ಇಳಿದು ಬರುವುದು ಕಾಣಿಸಿತು. ಬಿಳಿ ಸೀರೆ, ತಲೆಯ ಮೇಲೆ ಸೆರಗು. ಹಿಂದೆ ಆಳಿಲ್ಲ, ಮುಂದೆ ಆಳಿಲ್ಲ.

ಮೂವರೂ ದಡಬಡ ಎದ್ದರು. ಕೈಯ ಮಣ್ಣನ್ನು ಪಂಚೆಗೆ ಒರೆಸಿ ತಲೆ ತಗ್ಗಿಸಿ ನಿಂತರು.

ಅಮೃತಮ್ಮಣ್ಣಿಯವರು ಚಪ್ಪರದ ಅಂಚಿನಲ್ಲಿ ನಿಂತರು.

"ಮಹಡಿಯ ಕಿಟಕಿಯಿಂದ ನೋಡುತ್ತಿರುತ್ತೇನೆ," ಎಂದರು. "ಇವತ್ತು ಕಲ್ಲು ಖಾಲಿಯಿದೆ. ನಾನು ಕೂರಬಹುದೇ?"



"ಅಮ್ಮಣ್ಣಿಯವರೇ, ಇದು ಮಣ್ಣು, ಕೆಸರು..." ಎಂದ ಪುಟ್ಟಾಚಾರಿ ನೆಲ ನೋಡುತ್ತ.

"ಕಾಣುತ್ತಿದೆ," ಎಂದರು ಅವರು.

ನಂಜುಂಡಾಚಾರ್ಯರು ಹೆಗಲ ಮೇಲಿನ ವಸ್ತ್ರದಿಂದ ಕಲ್ಲನ್ನು ಒರೆಸಿದರು.

"ಕೂತುಕೊಳ್ಳಿ ತಾಯಿ."

ಅವರು ಕೂತರು. ಕೂತು, ತಲೆಯ ಮೇಲಿನ ಸೆರಗನ್ನು ಎರಡೂ ಕೈಯಿಂದ ಹಿಡಿದು ಹೆಗಲಿಗೆ ಇಳಿಸಿದರು. ನರೆತ ಕೂದಲು, ಹಣೆ, ಕಿವಿ ಎಲ್ಲವೂ ಬೆಳಕಿಗೆ ಬಂದವು.

ಮೂವರ ತಲೆಗಳೂ ಇನ್ನಷ್ಟು ಕೆಳಗಿಳಿದವು.

ಅವರು ಆಡಂಬರಕ್ಕೆ ಬಂದರು ಎಂದು ಕೆಲವರು ಹೇಳುತ್ತಾರೆ. ಅದು ಸುಳ್ಳು. ನಮ್ಮ ಮನೆಯಲ್ಲಿ ಆಡಂಬರದವರು ಹುಟ್ಟಿಲ್ಲ.

ಕೆಲಸ ಶುರುವಾಯಿತು.

ಲಿಂಗಾಚಾರಿಯ ಬೆರಳುಗಳು ಮಣ್ಣಿನ ಮೇಲೆ ಸಲೀಸಾಗಿ ಓಡಿದವು. ದೊಡ್ಡ ಮನೆಯ ಹೆಣ್ಣಿನ ಹಣೆ ಹೇಗಿರಬೇಕು, ಅವನಿಗೆ ಗೊತ್ತಿತ್ತು. ಮೂಗು ಹೇಗಿರಬೇಕು, ಗೊತ್ತಿತ್ತು. ತುಟಿಯ ಗಾಂಭೀರ್ಯ ಗೊತ್ತಿತ್ತು. ಅಂಥ ಮುಖಗಳನ್ನು ಅವನು ಕಲ್ಲಿನಲ್ಲಿ ಎಷ್ಟೋ ಮಾಡಿದ್ದ.

ಸ್ವಲ್ಪ ಹೊತ್ತಾದ ಮೇಲೆ ಅಮೃತಮ್ಮಣ್ಣಿಯವರು ಕೇಳಿದರು.

"ನಿಮ್ಮ ಹೆಸರೇನು?"

"ಲಿಂಗಾಚಾರಿ ಅಂತ, ಅಮ್ಮಣ್ಣಿಯವರೇ," ಎಂದ ಅವನು ಮಣ್ಣಿಗೆ.

"ನಿಮ್ಮ ತಂದೆ ನಮ್ಮ ತುಳಸಿಕಟ್ಟೆ ಮಾಡಿಕೊಟ್ಟವರಲ್ಲವೇ?"

"ಹೌದು."

"ಅವರ ಕಿವಿಯೂ ಹೀಗೆಯೇ ಇತ್ತು. ಸ್ವಲ್ಪ ಮುಂದಕ್ಕೆ."

ಲಿಂಗಾಚಾರಿ ಇನ್ನೂ ಬಾಗಿ ಕೆಲಸ ಮಾಡಿದ.

 ಪುಟ್ಟಾಚಾರಿಗೆ ಬಾಯಿ ಮುಚ್ಚಿ ಕೂರಲಾಗಲಿಲ್ಲ.

"ದಾಸಪ್ಪ ಯಾರ ಮುಖ ಮಾಡಲಿ, ಕೊನೆಗೆ ಅದು ಅವನ ಮಾವನ ಮುಖವೇ ಆಗುತ್ತೆ," ಎಂದ. "ಹೆಣ್ಣು ಕೊಟ್ಟ ಋಣ, ಬಿಡಲ್ಲ."

ದಾಸಪ್ಪ ಕೆಮ್ಮಿದ. ಎಲ್ಲರೂ ತಮ್ಮ ತಮ್ಮ ಹಲಗೆಯನ್ನೇ ನೋಡುತ್ತಿದ್ದರು.

ಆಚಾರ್ಯರು ಕಂಬಕ್ಕೆ ಒರಗಿ, ಕಲ್ಲಿನ ಮೇಲೆ ಕೂತವರನ್ನು ನೋಡುತ್ತಿದ್ದರು.

ಸಂಜೆಯಾಯಿತು. ಮೂರು ಹಲಗೆಗಳನ್ನೂ ತಿರುಗಿಸಿದರು.

ದಾಸಪ್ಪ ಮಾಡಿದ್ದು ನಿಜಕ್ಕೂ ಅವನ ಮಾವನಂತೆಯೇ ಇತ್ತು. ಪುಟ್ಟಾಚಾರಿಯದು ಅರ್ಧ ಆಗಿತ್ತು. ಲಿಂಗಾಚಾರಿ ಮಾಡಿದ್ದರ ಮುಂದೆ ದಾಸಪ್ಪ ಕೈ ಮುಗಿದುಬಿಟ್ಟ. ಸಾಕ್ಷಾತ್ ಅಮ್ಮನವರೇ ಬಂದು ಹಲಗೆಯ ಮೇಲೆ ಕೂತಂತಿತ್ತು.

ಅಮೃತಮ್ಮಣ್ಣಿಯವರು ತಂಬಿಗೆಯ ನೀರಿನಲ್ಲಿ ಕೈ ಒದ್ದೆ ಮಾಡಿಕೊಂಡರು. ಲಿಂಗಾಚಾರಿ ಮಾಡಿದ ಮುಖದ ಮುಂದೆ ಬಹಳ ಹೊತ್ತು ನಿಂತರು.

"ಬಹಳ ಚೆನ್ನಾಗಿದೆ," ಎಂದರು. "ಯಾರಿವರು?"



"ಅಮ್ಮಣ್ಣಿಯವರೇ, ತಾವೇ," ಎಂದ ಪುಟ್ಟಾಚಾರಿ ಮೆಲ್ಲಗೆ. "ಒಂದು ಸಲ ಕನ್ನಡಿಯಲ್ಲಿ..."

"ಕನ್ನಡಿಯನ್ನು ದಿನವೂ ನೋಡುತ್ತೇನೆ," ಎಂದರು ಅವರು. "ಬೇರೆಯವರು ನೋಡಿದರೆ ಹೇಗೆ ಕಾಣುತ್ತೇನೆ, ಅದನ್ನು ತಿಳಿಯೋಣವೆಂದು ಬಂದಿದ್ದೆ."

ಒದ್ದೆಯಾದ ಕೈಯನ್ನು ಸೆರಗಿನ ತುದಿಗೆ ಒರೆಸಿಕೊಂಡರು. ಸೆರಗನ್ನು ಮತ್ತೆ ತಲೆಯ ಮೇಲೆ ಎಳೆದುಕೊಂಡರು.

"ನಿಮಗೆಲ್ಲ ತೊಂದರೆಯಾಯಿತು."

ಅವರು ಮೆಟ್ಟಿಲು ಹತ್ತಿ ಹೋದರು. ಮೂವರೂ ತಲೆ ತಗ್ಗಿಸಿ ನಿಂತಿದ್ದರಿಂದ ಅವರು ಹೋದದ್ದನ್ನು ಆಚಾರ್ಯರೊಬ್ಬರೇ ನೋಡಿದರು.

ಲಿಂಗಾಚಾರಿ ಮಾರನೆಯ ಬೆಳಿಗ್ಗೆ ಆ ಮಣ್ಣಿನ ಮುಖವನ್ನು ಎತ್ತಿ ತಂದು ಗುರುವಿನ ಮುಂದೆ ಇಟ್ಟ.

"ಅಳೆದು ನೋಡಿ."

ಆಚಾರ್ಯರು ದಾರ ತೆಗೆದು ಅಳೆದರು. ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಮೂಗಿನ ತುದಿಗೆ, ಮೂಗಿನಿಂದ ಗಲ್ಲಕ್ಕೆ.

"ಎಲ್ಲ ಸರಿಯಾಗಿದೆ."

"ಮತ್ತೆ ಯಾಕೆ ಮುಟ್ಟಲಿಲ್ಲ?"

"ಪುಟ್ಟ ತಮಾಷೆ ಮಾಡಿದನಲ್ಲ, ದಾಸಪ್ಪನ ಮಾವನ ವಿಷಯ."

"ಮಾಡಿದ."

"ಆಗ ಅವರು ನಕ್ಕರು. ಯಾವ ಕೆನ್ನೆಯಲ್ಲಿ ಗುಳಿ ಬಿತ್ತು?"

ಲಿಂಗಾಚಾರಿ ಗುರುವನ್ನೇ ನೋಡಿದ.

"ಅವರು ನಕ್ಕರೇ?"

ಆಚಾರ್ಯರು ದಾರವನ್ನು ಸುತ್ತಿ ಇಟ್ಟರು.

"ಗುರುಗಳೇ, ನಾನು ಹೇಗೆ ನೋಡಲಿ? ಆ ಮನೆಯವರು ಎದುರು ಬಂದರೆ ನಮ್ಮಪ್ಪ ತಲೆ ಎತ್ತಿದವರಲ್ಲ. ನಮ್ಮ ಅಜ್ಜನೂ ಎತ್ತಿದವರಲ್ಲ."

"ಹಾಗಾದರೆ ಯಾರ ಮುಖ ಮಾಡಿದೆ?"

"ಅಮ್ಮನವರ ಮುಖ. ಮನುಷ್ಯರಿಗೆ ಅದಕ್ಕಿಂತ ಹೆಚ್ಚಿನ ಗೌರವ ಇನ್ನೇನು ಕೊಡೋಕಾಗುತ್ತೆ?"

"ಏನೂ ಇಲ್ಲ," ಎಂದರು ಆಚಾರ್ಯರು. "ನೀನು ಕೊಟ್ಟದ್ದು ಬಹಳ ದೊಡ್ಡ ಗೌರವ."

ಲಿಂಗಾಚಾರಿಗೆ ಅದು ಹೊಗಳಿಕೆಯೋ ಅಲ್ಲವೋ ಗೊತ್ತಾಗಲಿಲ್ಲ.

"ಉಳಿ?"

"ಇನ್ನೂ ಸ್ವಲ್ಪ ದಿನ ಹೋಗಲಿ."

ಅವನು ಹೊರಗೆ ಹೋದ ಮೇಲೆ ಆಚಾರ್ಯರು ಪುಟ್ಟಾಚಾರಿಯನ್ನೂ ದಾಸಪ್ಪನನ್ನೂ ಹತ್ತಿರ ಕರೆದರು.

"ಇವತ್ತಿನಿಂದ ಲಿಂಗನಿಗೆ ನಾವೆಲ್ಲ ಗೌರವ ಕೊಡಬೇಕು. ಅಮ್ಮಣ್ಣಿಯವರಿಗೆ ನೀವು ಕೊಟ್ಟಂಥದ್ದೇ. ಕಡಿಮೆಯಾಗಬಾರದು."

ಮಾರನೆಯ ದಿನ ಲಿಂಗಾಚಾರಿ ಚಪ್ಪರಕ್ಕೆ ಬಂದಾಗ ಪುಟ್ಟಾಚಾರಿ ಎದ್ದು ನಿಂತ. ದಾಸಪ್ಪನೂ ನಿಂತ. ಇಬ್ಬರೂ ತಲೆ ತಗ್ಗಿಸಿದರು.

"ಬನ್ನಿ, ಲಿಂಗಾಚಾರ್ಯರೇ," ಎಂದ ಪುಟ್ಟಾಚಾರಿ.

"ಏನೋ ಇದು ವೇಷ?"

"ವೇಷವಲ್ಲ, ತಾವು ಕೂತುಕೊಳ್ಳಿ."

ಲಿಂಗಾಚಾರಿ ನಕ್ಕ. ಅವರು ನಗಲಿಲ್ಲ. ಒಳ್ಳೆಯ ಚಾಪೆಯನ್ನು ಅವನಿಗೆ ಹಾಸಿದರು. ಮಜ್ಜಿಗೆಯ ಮೊದಲ ಲೋಟವನ್ನು ಅವನ ಮುಂದೆ ಇಟ್ಟರು.

ಗುರುಗಳು ಮನಸ್ಸಿನಲ್ಲೇ ನನಗೆ ಉಳಿ ಕೊಟ್ಟಿದ್ದಾರೆ, ಇವರಿಗೆ ಗೊತ್ತಾಗಿದೆ, ಎಂದುಕೊಂಡ ಲಿಂಗಾಚಾರಿ. ಆ ದಿನ ಅವನು ಎದೆ ಮುಂದೆ ಮಾಡಿಕೊಂಡು ಕೆಲಸ ಮಾಡಿದ.

ಮರುದಿನವೂ ಎದ್ದು ನಿಂತರು. ಅದರ ಮರುದಿನವೂ ನಿಂತರು.

ಕೆಲಸದ ನಡುವೆ ಪುಟ್ಟಾಚಾರಿಯೂ ದಾಸಪ್ಪನೂ ಒಬ್ಬರನ್ನೊಬ್ಬರು ಕಿಚಾಯಿಸುತ್ತಿದ್ದರು. ಲಿಂಗಾಚಾರಿ ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು.

"ಏನೋ ಅದು? ನನಗೂ ಹೇಳ್ರೋ."

"ತಮಗೆ ಹೇಳುವಂಥದ್ದೇನಲ್ಲ."

ಅವನು ಮಾಡಿದ ಕೆಲಸವನ್ನು ಯಾರೂ ತೆಗಳಲಿಲ್ಲ. ಕೇಳಿದರೆ "ತಾವು ಮಾಡಿದ್ದು" ಎನ್ನುತ್ತಿದ್ದರು, ಅಷ್ಟೇ. ಗಡ್ಡಕ್ಕೆ ಕಲ್ಲಿನ ಪುಡಿ ಮೆತ್ತಿಕೊಂಡು ಮನೆಗೆ ಹೋದ ದಿನ ಬೀದಿಯಲ್ಲಿ ಜನ ನಕ್ಕರು. ಚಪ್ಪರದಲ್ಲಿ ಯಾರೂ ಅದನ್ನು ಅವನಿಗೆ ಹೇಳಿರಲಿಲ್ಲ.

ಅವನು ಗುರುವಿನ ಬಳಿ ಹೋದ. ಗುರು ಅವನ ಪಾದಗಳನ್ನು ನೋಡುತ್ತ, "ಬನ್ನಿ," ಎಂದರು.

ಇದು ಉಳಿ ಕೊಡುವವರ ಮರ್ಯಾದೆಯಲ್ಲ ಎಂದು ಆಗ ಮೊದಲ ಸಲ ಅವನಿಗೆ ಅನಿಸಿತು. ಹೋದ ಕಾಲಲ್ಲೇ ವಾಪಸು ಬಂದ.

ಮುಂದೊಂದು ದಿನ ದ್ವಾರಪಾಲಕನ ಗದೆ ಕೆತ್ತುವಾಗ ಚಕ್ಕೆಯೊಂದು ಸಿಡಿದು ಅವನ ಹುಬ್ಬಿನ ಮೇಲೆ ಬಡಿಯಿತು.

ರಕ್ತ ರೆಪ್ಪೆಯ ಮೇಲೆ ಇಳಿಯಿತು. ಕೆಂಪು ಬಿಟ್ಟು ಬೇರೇನೂ ಕಾಣಲಿಲ್ಲ. ಅವನು ತಡವರಿಸುತ್ತ ನೀರಿನ ಕೊಡದ ಬಳಿ ಬಂದ.

ಪುಟ್ಟಾಚಾರಿ ಎದ್ದು ನಿಂತು ತಲೆ ತಗ್ಗಿಸಿದ.

"ನೀರು ಬೇಕೇ, ಲಿಂಗಾಚಾರ್ಯರೇ?"

ಲಿಂಗಾಚಾರಿ ಕೈಯೊಡ್ಡಿದ. ಪುಟ್ಟಾಚಾರಿ ನೆಲ ನೋಡುತ್ತ ನೀರು ಹಾಕಿದ. ದಾಸಪ್ಪ ದಾರಿ ಬಿಟ್ಟು ಪಕ್ಕಕ್ಕೆ ಸರಿದು ಕೈ ಮುಗಿದ.

ಯಾರೂ ಏನೂ ಕೇಳಲಿಲ್ಲ.

ನೋವಾಯಿತು ಎಂದು ಹೇಳಬಹುದಿತ್ತು. ಅವನು ಹೇಳಲಿಲ್ಲ. ಹೇಳದೆಯೇ ಯಾರಾದರೂ ನೋಡಲಿ ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತ. ಆಮೇಲೆ ಟವೆಲನ್ನು ಹಣೆಗೆ ಒತ್ತಿಕೊಂಡು ಹೊಳೆಗೆ ಇಳಿದ.

ಬಹಳ ಹೊತ್ತು ತೊಳೆದ. ಗಾಯ ಎಷ್ಟು ಆಳವಿದೆ ಎಂದು ನೀರಿನಲ್ಲಿ ನೋಡಲು ಬಾಗಿದ. ನೀರು ಹರಿಯುತ್ತಿತ್ತು. ಮುಖ ನಿಲ್ಲಲಿಲ್ಲ.

ಎದ್ದು ತಿರುಗಿದಾಗ ನಮ್ಮ ಮನೆಯ ಮಹಡಿಯ ಕಿಟಕಿಯಲ್ಲಿ ಬಿಳಿ ಸೀರೆ ಕಾಣಿಸಿತು. ಅವನು ಒಡನೆ ಕೈ ಮುಗಿದು ತಲೆ ತಗ್ಗಿಸಿದ.

ತಲೆ ಎತ್ತುವಷ್ಟರಲ್ಲಿ ಕಿಟಕಿಯಲ್ಲಿ ಯಾರೂ ಇರಲಿಲ್ಲ.

ಅವನು ಇನ್ನೂ ಒಂದು ದಿನ ತಡೆದ. ಅದರ ಮರುದಿನ ಗುರುವಿನ ಮುಂದೆ ಬಂದು ನಿಂತ. ಗುರು ಅವನ ಪಾದ ನೋಡಿದರು.

"ಗುರುಗಳೇ."

"ಹೇಳಿ."

"ಗುರುಗಳೇ, ಬೈಯಿರಿ ನನ್ನ. ಹೊಡೀರಿ. ಈ ಮರ್ಯಾದೆ ಬೇಡ."

"ತಮಗೆ ಏನು ಕೊರತೆಯಾಯಿತು?"

"ನನ್ನ ಮುಖ ನೋಡಿ!"

ಆಚಾರ್ಯರು ತಲೆ ಎತ್ತಿದರು. ಹುಬ್ಬು ನೋಡಿದರು. ನಡುಗುವ ಕೈಯಿಂದ ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು.

"ಯಾವಾಗ ಆಯಿತೋ ಇದು?"

"ಮೊನ್ನೆ."

"ಮೊನ್ನೆ ನಾವೆಲ್ಲ ನಿನಗೆ ಕೈ ಮುಗಿದೆವು."

ಲಿಂಗಾಚಾರಿ ಕುಸಿದು ಕೂತ. ಆಚಾರ್ಯರು ಅರಿಶಿನ ತೇಯ್ದು ತಂದು ಹುಬ್ಬಿಗೆ ಹಚ್ಚಿದರು. ಕೈ ನಡುಗಿ ಅರ್ಧ ಅರಿಶಿನ ಮೂಗಿಗೆ ಹತ್ತಿತು.

ಪುಟ್ಟಾಚಾರಿ ದೂರದಿಂದ ನೋಡಿ ತಡೆಯಲಾರದೆ ಹೇಳಿದ. "ಮದುವೆಗಂಡಿನ ಹಾಗಿದ್ದೀಯ ಕಣೋ ಲಿಂಗ."

ಲಿಂಗಾಚಾರಿ ನಗುತ್ತ ಅತ್ತುಬಿಟ್ಟ.

ಸ್ವಲ್ಪ ಹೊತ್ತಿನ ಮೇಲೆ ಕೇಳಿದ.

"ನನಗೆ ಇಷ್ಟೇ ದಿನ. ಅಮ್ಮಣ್ಣಿಯವರಿಗೆ ಎಷ್ಟು ಕಾಲದಿಂದ ಹೀಗೆ?"

"ನಿಮ್ಮಪ್ಪ ತುಳಸಿಕಟ್ಟೆ ಮಾಡುವುದಕ್ಕೂ ಮುಂಚಿನಿಂದ."

"ಅವತ್ತೇ ಯಾಕೆ ನನಗೆ ಹೇಳಲಿಲ್ಲ? 'ನೋಡು' ಅಂದಿದ್ದರೆ ನೋಡ್ತಿದ್ದೆ."

"ನೋಡ್ತಿದ್ದೆ. ನಾನು ಹೇಳಿದೆ ಅಂತ ನೀನು ನೋಡ್ತಿದ್ದೆ."

ಹೊಳೆಯ ಮೇಲೆ ದೋಣಿ ಹೋಗುತ್ತಿತ್ತು. ಕೆಂಚನ ಜ್ವರ ಬಿಟ್ಟಿತ್ತು.

"ಇನ್ನೊಂದು ಮುಖ ಮಾಡ್ತೀನಿ ಗುರುಗಳೇ. ಈ ಸಲ ಸರಿಯಾಗಿ ಮಾಡ್ತೀನಿ. ಸುಟ್ಟು, ಬಣ್ಣ ಕೊಟ್ಟು, ಮನೆಗೇ ತಗೊಂಡು ಹೋಗಿ ಕೊಡ್ತೀನಿ."

"ಅವರು ಕೇಳಿದರೇನು?"

"ಇಲ್ಲ."

"ಮತ್ತೆ?"

"ಮತ್ತೆ ನಾನು ಏನು ಮಾಡಲಿ?"

ಆಚಾರ್ಯರು ಎದ್ದರು. ಉಳಿ ಸುತ್ತಿದ್ದ ಕೆಂಪು ಬಟ್ಟೆಯ ಸುರುಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮೆಟ್ಟಿಲುಗಳ ಕಡೆ ನಡೆದರು.

"ಬಾ," ಎಂದರು.

ನನ್ನ ತಾತ ಜಗಲಿಯ ಮೇಲೆ ಕೂತಿದ್ದರು. ಇಬ್ಬರು ಅಂಗಳದಲ್ಲಿ ಬಂದು ನಿಂತದ್ದನ್ನು ನೋಡಿ ಪತ್ರಿಕೆ ಮಡಿಸಿದರು.

"ಏನು ಆಚಾರ್ಯರೇ, ಈ ಕಡೆ?"

"ಅಮ್ಮಣ್ಣಿಯವರನ್ನು ಕಾಣಬೇಕಿತ್ತು."

"ಏನು ವಿಷಯ?"

"ನಮ್ಮಿಂದ ಒಂದು ತಪ್ಪಾಗಿದೆ."

"ತಪ್ಪೇ?" ನನ್ನ ತಾತನಿಗೆ ಆಶ್ಚರ್ಯವಾಯಿತು. "ಅಕ್ಕ ಅಲ್ಲಿಗೆ ಹೋದದ್ದು ನಮಗೆ ಇಷ್ಟವಿರಲಿಲ್ಲ. ಆದರೆ ನಿಮ್ಮವರು ಬಹಳ ಮರ್ಯಾದೆಯಿಂದ ನಡೆದುಕೊಂಡರೆಂದು ಕೇಳಿದೆ. ಒಬ್ಬನೂ ತಲೆ ಎತ್ತಿ ನೋಡಲಿಲ್ಲವಂತೆ."

"ಹೌದು ಸ್ವಾಮಿ," ಎಂದರು ಆಚಾರ್ಯರು. "ಅದೇ ತಪ್ಪು."

ನನ್ನ ತಾತ ನ್ಯಾಯವಂತರು, ಆದರೆ ಆ ಮಾತು ಅವರಿಗೆ ಹಿಡಿಸಲಿಲ್ಲ.

"ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಮುಖ ನೋಡಿ ಮಾತಾಡುವ ಪದ್ಧತಿ ಇಲ್ಲ, ಆಚಾರ್ಯರೇ. ಅದು ನಿಮಗೂ ಗೊತ್ತು."

ಒಳಬಾಗಿಲಲ್ಲಿ ಬಳೆಯಿಲ್ಲದ ಕೈಯೊಂದು ಬಾಗಿಲ ಪಟ್ಟಿಯನ್ನು ಹಿಡಿಯಿತು.

"ಸುಮ್ಮನಿರಪ್ಪ, ತಮ್ಮ," ಎಂದರು ಅಮೃತಮ್ಮಣ್ಣಿಯವರು.

ಹೊಸಲು ದಾಟಿ ಹೊರಗೆ ಬಂದರು. ಅಂಗಳದಲ್ಲಿ ರಾಗಿ ಕೇರುತ್ತಿದ್ದವರು ಮೊರ ಕೆಳಗಿಟ್ಟು ಎದ್ದು ತಲೆ ತಗ್ಗಿಸಿದರು. ಲಿಂಗಾಚಾರಿಯ ತಲೆಯೂ ತಾನಾಗಿ ಬಾಗಿತು.

ಅವರು ಅವನನ್ನೇ ನೋಡಿದರು.

"ಹುಬ್ಬು ಹೇಗಿದೆ?" ಎಂದರು. "ಹೊಳೆಯಲ್ಲಿ ತೊಳೆಯುತ್ತಿದ್ದಿರಿ. ಬಹಳ ಹೊತ್ತು ತೊಳೆದಿರಿ. ಯಾರೂ ಬರಲಿಲ್ಲವಲ್ಲ ಎಂದುಕೊಂಡೆ."

 ಏನು ಮಾಡಬೇಕೆಂದು ಲಿಂಗಾಚಾರಿಗೆ ತಿಳಿಯಲಿಲ್ಲ. ತಿಳಿದಿದ್ದ ಒಂದನ್ನೇ ಮಾಡಿದ. ಉದ್ದಕ್ಕೆ ನೆಲದ ಮೇಲೆ ಬಿದ್ದು ನಮಸ್ಕಾರ ಮಾಡಿದ. ಹಣೆ ಮಣ್ಣಿಗೆ ಹತ್ತಿತು. ಎರಡೂ ಕೈಗಳು ಅವರ ಪಾದಗಳ ಮುಂದೆ ಕೂಡಿಕೊಂಡವು.

ಅಂಗಳದಲ್ಲಿ ಎಲ್ಲರೂ ನೆಲ ನೋಡುತ್ತಿದ್ದರು.

ಅಮೃತಮ್ಮಣ್ಣಿಯವರು ತಮ್ಮ ಪಾದಗಳನ್ನು ಒಂದು ಹೆಜ್ಜೆ ಹಿಂದಕ್ಕೆ ತೆಗೆದುಕೊಂಡರು.

ಆಚಾರ್ಯರು ಕೆಂಪು ಬಟ್ಟೆಯ ಸುರುಳಿಯನ್ನು ಸೊಂಟದಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಏಳು ಲಿಂಗ. ಅವರ ಮುಖ ನೋಡು. ಕ್ಷಮೆ ಕೇಳು."